ಮರಿ ಮೀನು ಸೊರಗುತ್ತಿದೆಯೇ? ಸಪ್ಲಿಮೆಂಟ್ ಡಬ್ಬಿ ತೆರೆಯುವ ಮುನ್ನ ನೋಡಬೇಕಾದದ್ದು

ಬೆಳಗ್ಗೆ ತೊಟ್ಟಿಯಲ್ಲಿ ಹತ್ತಾರು ಮರಿ ಸತ್ತು ಬಿದ್ದಿದ್ದರೆ ಕೈ ಮೊದಲು ಹೋಗುವುದು ಡಬ್ಬಿಯ ಕಡೆಗೆ. ವಿಟಮಿನ್ ಸಿ, ಮಿನರಲ್ ಮಿಕ್ಸ್, ಲಿವರ್ ಟಾನಿಕ್, ಪ್ರೋಬಯಾಟಿಕ್ ಎಂಬ ಉಪಕಾರಿ ಸೂಕ್ಷ್ಮಜೀವಿಗಳ ಪುಡಿ. ಏನಾದರೂ ಹಾಕಿದರೆ ಮನಸ್ಸಿಗೆ ಸಮಾಧಾನ. ಆದರೆ ಮರಿ ಮೀನು ಅಷ್ಟು ಹೊತ್ತು ಕಾಯುವುದಿಲ್ಲ. ತಪ್ಪು ಡಬ್ಬಿ ನಂಬಿ ಮೂರು ದಿನ ಕಳೆದರೆ ಅಷ್ಟರಲ್ಲಿ ಅರ್ಧ ತೊಟ್ಟಿ ಖಾಲಿಯಾಗಬಹುದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೀನು ಸಾಕುವವರ ಮಾತಿನಲ್ಲಿ ಪೂರಕ ಆಹಾರ ಎಂದರೆ ತೌಡು, ಹಿಂಡಿ. ಇಲ್ಲಿ ಹೇಳುತ್ತಿರುವುದು ಅದರ ಬಗ್ಗೆ ಅಲ್ಲ. ಆಹಾರಕ್ಕೆ ಚೂರೇ ಚೂರು ಬೆರೆಸುವ ವಿಟಮಿನ್, ಖನಿಜ, ಎಣ್ಣೆ, ಪ್ರೋಬಯಾಟಿಕ್ ಇವುಗಳ ಬಗ್ಗೆ. ನಿಜವಾದ ಕೊರತೆ ಇದ್ದಾಗ ಇವು ಜೀವ ಉಳಿಸುತ್ತವೆ. ಕೊರತೆ ಇಲ್ಲದಾಗ ಸುಮ್ನೆ ನೀರು ಕೆಡಿಸುತ್ತವೆ. ಕೆಲವು ವಿಷವೂ ಆಗುತ್ತವೆ. ಅದಕ್ಕೇ ನೀರು ಮೊದಲು, ಆಹಾರ ಎರಡನೆಯದು, ಸಪ್ಲಿಮೆಂಟ್ ಕೊನೆಗೆ ಎಂಬ ಸಾಲಿನಲ್ಲೇ ಹೋಗೋಣ.

## ಮೊದಲ ಸುಳಿವು: ಸಾವು ಎಷ್ಟು ಬೇಗ ಬರುತ್ತಿದೆ?

ಇದಕ್ಕೆ ಖರ್ಚಿಲ್ಲ. ಒಂದು ಪುಸ್ತಕ, ಪೆನ್ನು ಸಾಕು. ಪ್ರತಿ ತೊಟ್ಟಿಯಲ್ಲಿ ದಿನಕ್ಕೆ ಎಷ್ಟು ಮರಿ ಸತ್ತಿವೆ ಎಂದು ಬರೆಯಿರಿ.

ನಿನ್ನೆ ಸಂಜೆ ಚೆನ್ನಾಗಿದ್ದು, ಇಂದು ಬೆಳಗ್ಗೆ ಒಂದೇ ಸಲಕ್ಕೆ ತುಂಬಾ ಸತ್ತಿದ್ದರೆ ಅದು ನೀರಿನ ದೋಷ ಅಥವಾ ವಿಷ. ಎರಡು, ಐದು, ಹದಿನೈದು, ನಲವತ್ತು ಎಂದು ದಿನದಿಂದ ದಿನಕ್ಕೆ ಏರುತ್ತಿದ್ದರೆ ರೋಗಾಣು ಅಥವಾ ಪರಾವಲಂಬಿ ಇರಬೇಕು. ದಿನಕ್ಕೆ ಒಂದೋ ಎರಡೋ ಸಾಯುತ್ತಾ, ಉಳಿದವು ವಾರಗಟ್ಟಲೆ ಸೊರಗುತ್ತಾ ಹೋದರೆ ಆಗ ಆಹಾರದ ಕೊರತೆಯ ಬಗ್ಗೆ ಯೋಚಿಸಬಹುದು. ಕೊರತೆ ಒಂದು ರಾತ್ರಿಯಲ್ಲಿ ಮೀನನ್ನು ಕೊಲ್ಲುವುದಿಲ್ಲ. ಮೈಯಲ್ಲಿ ಕೂಡಿಟ್ಟ ವಿಟಮಿನ್ ಮುಗಿದ ಮೇಲೆ, ಬೆಳವಣಿಗೆ ಜೋರಾಗಿರುವ ಹೊತ್ತಿನಲ್ಲಿ ಅದು ನಿಧಾನವಾಗಿ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ. ಒಂದೇ ಚೀಲದ ಆಹಾರ ತಿನ್ನುವ ಎಲ್ಲ ತೊಟ್ಟಿಗಳಲ್ಲೂ ಇದೇ ಲಕ್ಷಣ ಇದೆಯೇ? ಇದ್ದರೆ ಸಂಶಯ ಆಹಾರದ ಮೇಲೆ. ಒಂದೇ ತೊಟ್ಟಿಯಲ್ಲಿ ಮಾತ್ರ ಇದ್ದರೆ ಆ ತೊಟ್ಟಿಯ ನೀರಿನ ಮೇಲೆ. ಎಷ್ಟೋ ಸಲ ಇಷ್ಟರಲ್ಲೇ ಅರ್ಧ ಉತ್ತರ ಸಿಗುತ್ತದೆ.

## ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿವೆ

ನಸುಕಿನಲ್ಲಿ ಮರಿಗಳೆಲ್ಲ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿವೆ, ನೀರು ಬೀಳುವ ಜಾಗದಲ್ಲಿ ಗುಂಪು ಕಟ್ಟುತ್ತಿವೆ ಎಂದರೆ ಆಮ್ಲಜನಕ ಸಾಲುತ್ತಿಲ್ಲ. ಈ ಹೊತ್ತಿನಲ್ಲಿ ಯಾವ ಟಾನಿಕ್ಕೂ ಬೇಡ. ಏರೇಟರ್ ಹಾಕಿ, ಹೊಸ ನೀರು ಬಿಡಿ, ಆಹಾರ ನಿಲ್ಲಿಸಿ.

ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಮೇಲಿದ್ದರೆ ಮರಿಗಳು ನೆಮ್ಮದಿಯಾಗಿರುತ್ತವೆ. 3 ಕ್ಕಿಂತ ಕೆಳಗಿಳಿದರೆ ಅಪಾಯ. ಕೊಳದಲ್ಲಿ ಇದು ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಮುಂಚೆ. ಮಧ್ಯಾಹ್ನ ಅಳೆದು ಎಲ್ಲ ಸರಿ ಇದೆ ಎಂದುಕೊಂಡರೆ ಮೋಸ ಹೋಗುತ್ತೀರಿ.

ಇಲ್ಲಿ ಸಪ್ಲಿಮೆಂಟಿನ ಪಾತ್ರವೂ ಇರಬಹುದು. ಬೆಲ್ಲದಲ್ಲಿ ಹುದುಗಿಸಿದ ಪ್ರೋಬಯಾಟಿಕ್ಕನ್ನೋ ಸಿಹಿ ಟಾನಿಕ್ಕನ್ನೋ ನೀರಿಗೇ ಸುರಿದಿದ್ದರೆ ಅದನ್ನು ತಿಂದು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬೆಳೆಯುವಾಗ ಅವಕ್ಕೂ ಆಮ್ಲಜನಕ ಬೇಕು. ಹಿಂದಿನ ಸಂಜೆ ಏನು ಸುರಿದಿರಿ ಎಂದು ನೆನಪು ಮಾಡಿಕೊಳ್ಳಿ.

ಆಮ್ಲಜನಕ ಸರಿ ಇದೆ, ಆದರೂ ಬಾಯಿ ಬಿಡುತ್ತಿವೆಯೇ? ಅಮೋನಿಯಾ ಮತ್ತು ಪಿಎಚ್ ಎರಡನ್ನೂ ಒಟ್ಟಿಗೆ ಅಳೆಯಿರಿ. ಅಮೋನಿಯಾ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೀರು 28 ಡಿಗ್ರಿ ಇದ್ದು ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ ಪಾಲು 1% ಕ್ಕೂ ಕಡಿಮೆ. ಪಿಎಚ್ 8 ಆದರೆ ಅದು 6–7% ಆಗುತ್ತದೆ. 9 ಕ್ಕೆ ಏರಿದರೆ ಸುಮಾರು 40%. ಕಿಟ್ ತೋರಿಸುವ ಅಂಕಿ ಅದೇ, ವಿಷ ಮಾತ್ರ ನಲವತ್ತು ಪಟ್ಟಿಗೂ ಜಾಸ್ತಿ. ಪಾಚಿ ಕಟ್ಟಿ ಹಸಿರಾದ ಕೊಳದಲ್ಲಿ ಮಧ್ಯಾಹ್ನ ಪಿಎಚ್ ಹೀಗೆ ಏರುವುದು ಮಾಮೂಲಿ.

ಕಿವಿರು ಕೆಂಪಾಗಿರದೆ ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ನೋಡಿ. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ. ಇದಕ್ಕೆ ಅಡುಗೆ ಉಪ್ಪು ನಿಜಕ್ಕೂ ಕೆಲಸ ಮಾಡುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲೇ ನೈಟ್ರೈಟನ್ನು ತಡೆಯುತ್ತದೆ. ನೈಟ್ರೈಟಿನ ಸುಮಾರು ಹತ್ತು ಪಟ್ಟು ಕ್ಲೋರೈಡ್ ಇರಬೇಕು. ಅಂದರೆ ಲೀಟರಿಗೆ 1 ಮಿಲಿಗ್ರಾಂ ನೈಟ್ರೈಟ್ ಇದ್ದರೆ 1000 ಲೀಟರ್ ನೀರಿಗೆ 17 ಗ್ರಾಂನಷ್ಟು ಉಪ್ಪು. ಇಷ್ಟು ಕಡಿಮೆ ಸಾಕೇ ಎನಿಸಬಹುದು. ಸಾಕು. ಆದರೆ ಉಪ್ಪು ಹಾಕಿದ ಮೇಲೂ ನೈಟ್ರೈಟ್ ನೀರಿನಲ್ಲೇ ಇರುತ್ತದೆ. ಆಹಾರ ಕಡಿಮೆ ಮಾಡಿ ನೀರು ಬದಲಿಸುವ ಕೆಲಸ ತಪ್ಪದು.

ನೀರಿಗೆ ಕೈ ಹಾಕುವ ಮುನ್ನ ಏರೇಟರ್, ಪಂಪಿನ ಸ್ವಿಚ್ ಆರಿಸಿ. ಗಾಬರಿಯಲ್ಲಿ ಓಡಿ ಬಂದಾಗಲೇ ಇದು ಮರೆತುಹೋಗುವುದು.

## ಸಪ್ಲಿಮೆಂಟ್ ಬೆರೆಸಿದ ಮೇಲೆ ಆಹಾರವನ್ನು ಉಗುಳುತ್ತಿವೆ

ಬಾಯಿಗೆ ತೆಗೆದುಕೊಂಡು ಉಗುಳಿದರೆ ರುಚಿಯದೋ ಗಾತ್ರದ್ದೋ ತಕರಾರು. ಹತ್ತಿರವೇ ಬರದಿದ್ದರೆ ನೀರಿನದೋ ರೋಗದ್ದೋ. ಈ ವ್ಯತ್ಯಾಸ ತಿಳಿಯಲು ಐದು ನಿಮಿಷ ತೊಟ್ಟಿಯ ಪಕ್ಕ ಅಲುಗಾಡದೆ ಕೂತು ನೋಡಬೇಕು. ನಿಂತ ನೆರಳು ಬಿದ್ದರೆ ಮರಿಗಳು ಹೆದರಿ ಕೆಳಗೆ ಹೋಗುತ್ತವೆ.

ಮೊದಲು ಸಪ್ಲಿಮೆಂಟ್ ಇಲ್ಲದ ಅದೇ ಆಹಾರವನ್ನು ಒಂದು ಹಿಡಿ ಹಾಕಿ. ಗಬಗಬನೆ ತಿಂದರೆ ದೋಷ ನೀವು ಬೆರೆಸಿದ ಪುಡಿಯಲ್ಲಿ ಅಥವಾ ಬೆರೆಸಿದ ರೀತಿಯಲ್ಲಿ. ಗಿಡಮೂಲಿಕೆ ಪುಡಿ, ಕಹಿ ಟಾನಿಕ್, ಕೆಲವು ಖನಿಜಗಳನ್ನು ಮರಿಗಳು ಇಷ್ಟಪಡುವುದಿಲ್ಲ.

ಆಮೇಲೆ ಲೋಟದ ಪರೀಕ್ಷೆ. ಗಾಜಿನ ಲೋಟದಲ್ಲಿ ತೊಟ್ಟಿಯ ನೀರು ತುಂಬಿ, ಸಪ್ಲಿಮೆಂಟ್ ಲೇಪಿಸಿದ ಆಹಾರವನ್ನು ಒಂದು ಚಮಚ ಹಾಕಿ. ಎರಡು ನಿಮಿಷದಲ್ಲೇ ನೀರು ಬಣ್ಣ ತಿರುಗಿ ಪುಡಿ ತಳಕ್ಕೆ ಕೂತರೆ ನಿಮ್ಮ ವಿಟಮಿನ್ ಮೀನಿನ ಹೊಟ್ಟೆಗೆ ಹೋಗುತ್ತಿಲ್ಲ, ನೀರಿಗೆ ಹೋಗುತ್ತಿದೆ. ಮರಿಗಳ ಆಹಾರದ ಕಾಳು ಬಹಳ ಸಣ್ಣದು. ಕಾಳು ಸಣ್ಣದಾದಷ್ಟೂ ನೀರು ತಾಗುವ ಮೈ ಜಾಸ್ತಿ. ವಿಟಮಿನ್ ಸಿ, ಬಿ ಗುಂಪಿನ ವಿಟಮಿನ್‌ಗಳು ನೀರಿನಲ್ಲಿ ಕರಗುವಂಥವು, ನಿಮಿಷಗಳಲ್ಲೇ ಸೋರಿಹೋಗುತ್ತವೆ.

ಬೆರೆಸುವ ಸರಿಯಾದ ಕ್ರಮ ಹೀಗಿದೆ. ಪುಡಿಯನ್ನು ಸ್ವಲ್ಪವೇ ನೀರಿನಲ್ಲಿ ಕದಡಿ, ಆಹಾರದ ಮೇಲೆ ಸಿಂಪಡಿಸಿ, ಚೆನ್ನಾಗಿ ಹೊರಳಿಸಿ. ಅದರ ಮೇಲೆ ತೆಳುವಾಗಿ ಎಣ್ಣೆ ಅಥವಾ ಜೆಲಟಿನ್ ಲೇಪ ಕೊಡಿ. ನೆರಳಿನಲ್ಲಿ ಆರಿಸಿ, ಬಿಸಿಲಿಗೆ ಹಾಕಬೇಡಿ. ಆ ದಿನಕ್ಕೆ ಬೇಕಾದಷ್ಟನ್ನೇ ಮಾಡಿ ಅಂದೇ ಮುಗಿಸಿ. ಒದ್ದೆಯಾದ ಆಹಾರವನ್ನು ಮರುದಿನಕ್ಕೆ ಎತ್ತಿಟ್ಟರೆ ಬೂಷ್ಟು ಬರುತ್ತದೆ. ಪುಡಿ ಬೆರೆಸುವಾಗ ಮೂಗು, ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಿ, ಕೈಗೆ ಗವಸು ಹಾಕಿಕೊಳ್ಳಿ. ಪ್ರಿಮಿಕ್ಸ್ (ವಿಟಮಿನ್, ಖನಿಜ ಬೆರೆಸಿಟ್ಟ ಪುಡಿ) ಧೂಳು ದಿನವೂ ಶ್ವಾಸಕೋಶಕ್ಕೆ ಹೋಗುವುದು ಒಳ್ಳೆಯದಲ್ಲ.

ಮೊಟ್ಟೆಯಿಂದ ಹೊರಬಂದು ಕೆಲವೇ ದಿನವಾದ ಮರಿಗಳಿಗೆ ಪುಡಿ ಲೇಪಿಸುವ ಮಾತೇ ಬರುವುದಿಲ್ಲ. ಅವಕ್ಕೆ ರೋಟಿಫರ್, ಆರ್ಟೀಮಿಯಾ ಎಂಬ ಪುಟ್ಟ ಜಲಜೀವಿಗಳಂಥ ಜೀವಂತ ಆಹಾರದ ಮೂಲಕವೇ ಪೋಷಕಾಂಶ ಹೋಗಬೇಕು. ಆರ್ಟೀಮಿಯಾದಲ್ಲಿ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ತಾನಾಗಿ ಇಲ್ಲವೆನ್ನುವಷ್ಟು ಕಡಿಮೆ. ಸಮುದ್ರ ಮೀನಿನ ಮರಿಗಳಿಗಂತೂ ಅದಿಲ್ಲದೆ ಆಗುವುದಿಲ್ಲ. ಅದಕ್ಕೇ ಆರ್ಟೀಮಿಯಾಕ್ಕೆ ಮೊದಲು ಡಿಎಚ್‌ಎ ಇರುವ ಎಣ್ಣೆ ತಿನ್ನಿಸಿ ಆಮೇಲೆ ಮರಿಗೆ ಕೊಡುತ್ತಾರೆ. ಆದರೆ ಆರ್ಟೀಮಿಯಾ ತಿಂದ ಡಿಎಚ್‌ಎಯನ್ನು ತಾನೇ ಬಳಸಿ ಮುಗಿಸುತ್ತದೆ. ಬೆಳಗ್ಗೆ ಸಿದ್ಧ ಮಾಡಿದ್ದನ್ನು ಬೆಚ್ಚಗಿನ ನೀರಿನಲ್ಲಿಟ್ಟು ರಾತ್ರಿ ಕೊಟ್ಟರೆ ಖಾಲಿ ಹೊಟ್ಟೆಯ ಆರ್ಟೀಮಿಯಾ ಕೊಟ್ಟಂತೆಯೇ. ಸಿದ್ಧವಾದ ಕೂಡಲೇ ಕೊಡಿ, ಇಲ್ಲವೇ ತಣ್ಣಗಿಡಿ.

## ತಿನ್ನುತ್ತಿವೆ, ಆದರೆ ಬೆಳೆಯುತ್ತಿಲ್ಲ

ತಲೆ ದೊಡ್ಡದು, ಹೊಟ್ಟೆ ಒಳಗೆ ಹೋಗಿದೆ, ಮೈ ಸೂಜಿಯಂತೆ. ಹೀಗೆ ಕಾಣುವ ಮರಿಗಳನ್ನು ಗ್ರೋತ್ ಪ್ರಮೋಟರ್ ಕೊಟ್ಟು ಎತ್ತಲು ಹೋಗುವವರೇ ಜಾಸ್ತಿ. ಬಹುಪಾಲು ಇದು ಹಸಿವು.

ಕಾಳಿನ ಗಾತ್ರ ನೋಡಿ. ಕಾಳು ಮರಿಯ ಬಾಯಿಯ ಅಗಲದ ಕಾಲು ಭಾಗದಿಂದ ಅರ್ಧದೊಳಗೆ ಇರಬೇಕು. ತೊಟ್ಟಿಯಲ್ಲಿ ದೊಡ್ಡ ಮರಿ, ಸಣ್ಣ ಮರಿ ಕಲಸಿದ್ದರೆ ನೀವು ಹಾಕಿದ್ದೆಲ್ಲ ದೊಡ್ಡವುಗಳ ಪಾಲು. ಗಾತ್ರ ನೋಡಿ ಬೇರೆ ಮಾಡಿದರೆ ಎಷ್ಟೋ ಸಲ ವಾರದಲ್ಲೇ ಸಣ್ಣವು ಚೇತರಿಸಿಕೊಳ್ಳುತ್ತವೆ. ದಿನಕ್ಕೆ ಎರಡು ಹೊತ್ತು ಹಾಕುತ್ತಿದ್ದರೆ ಅದೇ ಪ್ರಮಾಣವನ್ನು ಐದಾರು ಹೊತ್ತಿಗೆ ಹಂಚಿ. ಮರಿಯ ಹೊಟ್ಟೆ ಚಿಕ್ಕದು ಅಲ್ವಾ.

ಮಲ ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ಬಿಳಿ ದಾರದಂತೆ ಉದ್ದಕ್ಕೆ ಜೋತಾಡುತ್ತಿದ್ದರೆ ಕರುಳು ಖಾಲಿ ಇದೆ ಅಥವಾ ಕರುಳಿನಲ್ಲಿ ಉರಿಯೂತ, ಪರಾವಲಂಬಿ ಇರಬಹುದು. ಅಲ್ಲಿಗೆ ಸೂಕ್ಷ್ಮದರ್ಶಕ ಬೇಕು, ಟಾನಿಕ್ ಅಲ್ಲ.

ಇವೆಲ್ಲ ಸರಿ ಇದ್ದು, ಆಹಾರವನ್ನು ನೀವೇ ಮನೆಯಲ್ಲಿ ಮಾಡುತ್ತಿದ್ದರೆ ಮಾತ್ರ ಖನಿಜದ ಕಡೆ ನೋಡಿ. ರಂಜಕ ಇಲ್ಲಿ ಮುಖ್ಯ. ಕ್ಯಾಲ್ಸಿಯಂ ಅನ್ನು ಮೀನು ಕಿವಿರಿನ ಮೂಲಕ ನೀರಿನಿಂದಲೇ ಎಳೆದುಕೊಳ್ಳುತ್ತದೆ. ರಂಜಕ ನೀರಿನಲ್ಲಿ ಅಷ್ಟು ಸಿಗುವುದಿಲ್ಲ, ಆಹಾರದಿಂದಲೇ ಬರಬೇಕು. ಆದರೆ ಹಿಂಡಿ, ತೌಡಿನಲ್ಲಿರುವ ರಂಜಕದ ಬಹುಪಾಲು ಫೈಟೇಟ್ ರೂಪದಲ್ಲಿ ಬೀಗ ಹಾಕಿಕೊಂಡಿರುತ್ತದೆ. ಫೈಟೇಸ್ ಕಿಣ್ವ ಬೆರೆಸಿದರೆ ಆ ಬೀಗ ಸ್ವಲ್ಪ ತೆರೆಯುತ್ತದೆ. ಮೂಳೆಪುಡಿ ಹಾಕಿದರಾಯಿತು ಎಂದುಕೊಳ್ಳಬೇಡಿ. ಗೆಂಡೆ, ರೋಹು, ಕಟ್ಲಾ ಇವಕ್ಕೆ ಆಮ್ಲ ಸುರಿಸುವ ಜಠರವೇ ಇಲ್ಲ. ಮೂಳೆಯಲ್ಲಿರುವ ರಂಜಕವನ್ನು ಕರಗಿಸಿಕೊಳ್ಳಲು ಅವುಗಳಿಂದ ಸರಿಯಾಗಿ ಆಗುವುದಿಲ್ಲ. ಮೊನೊಕ್ಯಾಲ್ಸಿಯಂ ಫಾಸ್ಫೇಟ್ ಅವಕ್ಕೆ ಚೆನ್ನಾಗಿ ಒಗ್ಗುತ್ತದೆ.

## ಬೆನ್ನು ಡೊಂಕಾಗಿದೆ

ಇದು ನೋಡಲು ಬಹಳ ನೋವಾಗುವ ಲಕ್ಷಣ. ಕೂಡಲೇ ವಿಟಮಿನ್ ಸಿ ಹೆಸರು ಬರುತ್ತದೆ. ಅದು ತಪ್ಪೇನಲ್ಲ, ಆದರೆ ಡೊಂಕಿಗೆ ಕನಿಷ್ಠ ಅರ್ಧ ಡಜನ್ ಕಾರಣಗಳಿವೆ. ಯಾವಾಗ ಶುರುವಾಯಿತು ಎನ್ನುವುದೇ ಇಲ್ಲಿ ಮುಖ್ಯ.

ಮೊಟ್ಟೆಯಿಂದ ಹೊರಬಂದಾಗಲೇ ಡೊಂಕಿದ್ದರೆ ಮೊಟ್ಟೆ ಕಾವಿಟ್ಟ ನೀರಿನ ಉಷ್ಣತೆ ಹೆಚ್ಚುಕಡಿಮೆ ಆಗಿರಬಹುದು, ಅಥವಾ ತಾಯಿ-ತಂದೆ ಮೀನುಗಳು ಹತ್ತಿರದ ಸಂಬಂಧದವು ಇರಬಹುದು. ಮರಿಗೆ ಏನು ತಿನ್ನಿಸಿದರೂ ಇದು ಸರಿಹೋಗದು. ತಾಯಿ ಮೀನಿನ ಆಹಾರವನ್ನೂ ತಳಿಯನ್ನೂ ನೋಡಬೇಕು.

ಒಂದೇ ದಿನದಲ್ಲಿ, ಚೆನ್ನಾಗಿದ್ದ ಮರಿಗಳ ಬೆನ್ನು ಮುರಿದಂತೆ ಕಂಡರೆ ವಿದ್ಯುತ್ ಸೋರಿಕೆ, ಸಿಡಿಲು, ಕೀಟನಾಶಕ ಇವುಗಳಲ್ಲಿ ಒಂದು. ಅಕ್ಕಪಕ್ಕದ ಹೊಲಕ್ಕೆ ಔಷಧಿ ಹೊಡೆದಿದ್ದಾರೆಯೇ ವಿಚಾರಿಸಿ. ವಿದ್ಯುತ್ ಸಂಶಯ ಇದ್ದರೆ ನೀರು ಮುಟ್ಟಲೇಬೇಡಿ. ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್ ಕರೆಸಿ.

ಎಳೆಯ ಮರಿಗಳಲ್ಲಿ ಬೆನ್ನು ಕೆಳಕ್ಕೆ ಬಾಗಿ, ತಲೆ ಮೇಲೆ ಮಾಡಿ ಕಷ್ಟಪಟ್ಟು ಈಜುತ್ತಿದ್ದರೆ ಗಾಳಿಚೀಲ ಉಬ್ಬಿಲ್ಲ ಎಂದರ್ಥ. ಇದರಲ್ಲಿ ಸಪ್ಲಿಮೆಂಟಿನ ಕೈವಾಡ ಇರಬಹುದು. ಹಲವು ಜಾತಿಯ ಮರಿಗಳು ಮೊದಲ ದಿನಗಳಲ್ಲಿ ಮೇಲ್ಮೈಗೆ ಬಂದು ಒಂದು ಗುಟುಕು ಗಾಳಿ ನುಂಗಿ ಗಾಳಿಚೀಲ ತುಂಬಿಕೊಳ್ಳಬೇಕು. ಅದಕ್ಕಿರುವ ಸಮಯ ಕೆಲವೇ ದಿನ. ಆಗ ನೀರಿನ ಮೇಲೆ ಎಣ್ಣೆಯ ಪೊರೆ ಕಟ್ಟಿದ್ದರೆ ಪುಟ್ಟ ಮರಿ ಅದನ್ನು ಭೇದಿಸಲಾರದು. ಆ ಪೊರೆ ಬರುವುದು ಎಲ್ಲಿಂದ? ಮೀನೆಣ್ಣೆ ಲೇಪದಿಂದ, ಜೀವಂತ ಆಹಾರಕ್ಕೆ ಕೊಟ್ಟ ಎಣ್ಣೆಯಿಂದ. ಒಳ್ಳೆಯದಾಗಲಿ ಎಂದು ಕೊಟ್ಟದ್ದೇ ಗಾಳಿಯ ಬಾಗಿಲು ಮುಚ್ಚುತ್ತದೆ. ಆ ದಿನಗಳಲ್ಲಿ ಮೇಲ್ಮೈಯನ್ನು ಆಗಾಗ ತೆಗೆಯುತ್ತಿರಿ. ಒಂದು ಹಾಳೆ ಪೇಪರನ್ನು ನೀರಿನ ಮೇಲೆ ಎಳೆದರೂ ಸಾಕಷ್ಟು ಎಣ್ಣೆ ಅಂಟಿಕೊಂಡು ಬರುತ್ತದೆ.

ನೀರಿನ ಹರಿವು ವಿಪರೀತ ಜೋರಿದ್ದರೂ ಮರಿಗಳ ಬೆನ್ನು ಬಾಗುತ್ತದೆ. ಇಡೀ ದಿನ ಹರಿವಿಗೆ ಎದುರಾಗಿ ಈಜಿ ಈಜಿ ಹೀಗಾಗುವುದು. ನಲ್ಲಿ ತಿರುಗಿಸಿದರೆ ಮುಗಿಯಿತು.

ಇವೆಲ್ಲ ಅಲ್ಲ, ವಾರಗಟ್ಟಲೆ ನಿಧಾನವಾಗಿ ಡೊಂಕು ಬಂತು, ಜೊತೆಗೆ ಈಜುರೆಕ್ಕೆಯ ಬುಡದಲ್ಲಿ ರಕ್ತದ ಚುಕ್ಕೆ, ಗಾಯ ಬೇಗ ಮಾಯುತ್ತಿಲ್ಲ, ಕಿವಿರಿನ ಎಳೆಗಳು ಸೊಟ್ಟಗಿವೆ ಎಂದಾದರೆ ವಿಟಮಿನ್ ಸಿ ಕೊರತೆಯ ಸಂಶಯ ಗಟ್ಟಿಯಾಗುತ್ತದೆ. ನಾವು ಸಾಕುವ ಹೆಚ್ಚಿನ ಮೀನುಗಳು ಈ ವಿಟಮಿನ್ನನ್ನು ತಾವೇ ತಯಾರಿಸಿಕೊಳ್ಳಲಾರವು. ಮೂಳೆ, ಮೃದು ಮೂಳೆ, ಚರ್ಮ ಮೂರಕ್ಕೂ ಬೇಕಾದ ಕೊಲಾಜನ್ ಕಟ್ಟಲು ಇದು ಬೇಕೇ ಬೇಕು.

ಆಹಾರದ ಚೀಲದ ಮೇಲೆ ವಿಟಮಿನ್ ಸಿ ಇದೆ ಎಂದು ಬರೆದಿದ್ದರೂ ಕೊರತೆ ಬರಬಹುದು. ಸಾದಾ ಆಸ್ಕಾರ್ಬಿಕ್ ಆಮ್ಲ ಬಹಳ ನಾಜೂಕಿನದು. ಆಹಾರ ತಯಾರಿಸುವಾಗ ಬಿಸಿಗೆ ಹೋಗುತ್ತದೆ, ಗೋದಾಮಿನಲ್ಲಿ ತಿಂಗಳಿಗಿಷ್ಟು ಹೋಗುತ್ತದೆ, ತಾಮ್ರ, ಕಬ್ಬಿಣದ ಖನಿಜ ತಾಗಿದರೆ ಇನ್ನೂ ಬೇಗ ಹೋಗುತ್ತದೆ. ಉಳಿದದ್ದು ನೀರಿನಲ್ಲಿ ಕರಗುತ್ತದೆ. ಫಾಸ್ಫೇಟ್ ಜೋಡಿಸಿದ ರೂಪ ಕೊಳ್ಳಿ. ಅದು ಬಿಸಿ, ಗಾಳಿ ಎರಡನ್ನೂ ತಾಳಿಕೊಳ್ಳುತ್ತದೆ. ಹಲವು ಜಾತಿಗಳ ಕನಿಷ್ಠ ಅಗತ್ಯ ಕೆಜಿ ಆಹಾರಕ್ಕೆ 20–50 ಮಿಲಿಗ್ರಾಂ ಆಸುಪಾಸು. ನಷ್ಟವನ್ನು ಲೆಕ್ಕ ಹಾಕಿ ತಯಾರಕರು ಇದಕ್ಕಿಂತ ಹೆಚ್ಚೇ ಹಾಕುತ್ತಾರೆ. ಕೊಳ್ಳುವಾಗ ಮೊದಲು ನೋಡಬೇಕಾದದ್ದು ಯಾವ ರೂಪದ ವಿಟಮಿನ್ ಎಂದು, ತಯಾರಾದ ದಿನಾಂಕ ಯಾವುದು ಎಂದು.

ಒಮ್ಮೆ ಡೊಂಕಾಗಿ ಗಟ್ಟಿಯಾದ ಮೂಳೆ ನೇರವಾಗುವುದಿಲ್ಲ. ಇದನ್ನು ಹೇಳಲು ನನಗೂ ಕಷ್ಟ, ಆದರೆ ಗೊತ್ತಿರಬೇಕು. ಸಪ್ಲಿಮೆಂಟ್ ಕಾಪಾಡುವುದು ಇನ್ನೂ ನೇರ ಇರುವ ಮರಿಗಳನ್ನು, ಮುಂದಿನ ತಂಡವನ್ನು.

ರಂಜಕದ ಕೊರತೆ, ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದ ಕೊರತೆಯಿಂದಲೂ ಡೊಂಕು ಬರುತ್ತದೆ. ವಿಟಮಿನ್ ಎ ಜಾಸ್ತಿಯಾದರೂ ಎಳೆಯ ಮರಿಗಳ ಬೆನ್ನುಮೂಳೆ ವಿಕಾರವಾಗುತ್ತದೆ. ಇವನ್ನು ಕಣ್ಣಿನಿಂದ ಬೇರ್ಪಡಿಸಲು ಆಗುವುದಿಲ್ಲ. ಆಹಾರದ ಮಾದರಿ ಲ್ಯಾಬಿಗೆ ಹೋಗಬೇಕು.

## ಕಿವಿರು ಬಿಳಿಚಿದೆ, ಬೆನ್ನು ಕತ್ತಿಯಂತಾಗಿದೆ

ಆಹಾರದ ಚೀಲದೊಳಗೆ ಮೂಗಿಟ್ಟು ನೋಡಿ. ಹಳೇ ಎಣ್ಣೆಯ ಕಮಟು ವಾಸನೆ, ಬಣ್ಣದ ಡಬ್ಬಿಯಂಥ ವಾಸನೆ ಬಂದರೆ ಕೊಬ್ಬು ಕೆಟ್ಟಿದೆ. ಕೆಟ್ಟ ಕೊಬ್ಬು ಮೈಯಲ್ಲಿರುವ ವಿಟಮಿನ್ ಇ ಅನ್ನು ಸುಟ್ಟುಹಾಕುತ್ತದೆ. ಮಾಂಸಖಂಡ ಕರಗುತ್ತದೆ, ರಕ್ತ ಕಡಿಮೆಯಾಗುತ್ತದೆ, ಲಿವರ್ ಹಳದಿಯೋ ಕಿತ್ತಳೆಯೋ ಆಗುತ್ತದೆ.

ಜಪಾನಿನಲ್ಲಿ ಗೆಂಡೆ ಮೀನುಗಳಿಗೆ ರೇಷ್ಮೆ ಪ್ಯೂಪಾ ತಿನ್ನಿಸುತ್ತಿದ್ದಾಗ ಇದೇ ಕಾಯಿಲೆ ಬಂದಿತ್ತು. ಪ್ಯೂಪಾದ ಎಣ್ಣೆ ಕಮಟಾಗಿ ಮೀನಿನ ಬೆನ್ನು ಒಣಗಿ ಕತ್ತಿಯಂತಾಗುತ್ತಿತ್ತು. ಅದನ್ನು ಸೆಕೋಕೆ ಎಂದು ಕರೆದರು. ವಿಟಮಿನ್ ಇ ಕೊಟ್ಟಾಗ ತಡೆಯಬಹುದು ಎಂದು ಗೊತ್ತಾಯಿತು. ರೇಷ್ಮೆ ಪ್ಯೂಪಾ ಒಳ್ಳೆಯ ಪ್ರೋಟೀನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಣ್ಣೆ ತೆಗೆದದ್ದು ಅಥವಾ ತಾಜಾ ಇರುವುದು ಬಳಸಿ.

ಕಮಟು ಆಹಾರಕ್ಕೆ ವಿಟಮಿನ್ ಇ ಬೆರೆಸಿ ಮುಗಿಸಿಬಿಡೋಣ ಎನಿಸುತ್ತದೆ. ಬೇಡ. ಚೀಲವನ್ನೇ ಬದಲಿಸಿ, ಆಮೇಲೆ ವಿಟಮಿನ್ ಇ ಕೊಡಿ. ಬೂಷ್ಟು ಹಿಡಿದ ಆಹಾರಕ್ಕೂ ಇದೇ ಮಾತು. ಬಿಸಿಲಿಗೆ ಹಾಕಿದರೆ ಬೂಷ್ಟು ಒಣಗುತ್ತದೆ, ಅದು ಬಿಟ್ಟುಹೋದ ಅಫ್ಲಾಟಾಕ್ಸಿನ್ ಹಾಗೇ ಉಳಿಯುತ್ತದೆ. 1960 ರಲ್ಲಿ ಅಮೆರಿಕದ ಹ್ಯಾಚರಿಗಳಲ್ಲಿ ಟ್ರೌಟ್ ಮೀನುಗಳಿಗೆ ಲಿವರ್ ಕ್ಯಾನ್ಸರ್ ಬಂದದ್ದು ಇದರಿಂದಲೇ. ಆಹಾರದಲ್ಲಿದ್ದ ಹತ್ತಿಬೀಜದ ಹಿಂಡಿಯಲ್ಲಿ ಈ ವಿಷ ಇತ್ತು. ಬೂಷ್ಟು ಹಿಡಿದ ಚೀಲವನ್ನು ಹಸುವಿಗೂ ಕೋಳಿಗೂ ಹಾಕಬೇಡಿ.

ಆಹಾರ ತಾಜಾ ಇದ್ದೂ ಕಿವಿರು ಬಿಳಿಚಿದ್ದರೆ ಭೂತಗನ್ನಡಿ ಹಿಡಿದು ನೋಡಿ. ಎಳೆಗಳು ಊದಿ ಒಂದಕ್ಕೊಂದು ಅಂಟಿ, ಮೇಲೆ ಲೋಳೆ ತುಂಬಿದ್ದರೆ ಪ್ಯಾಂಟೊಥೆನಿಕ್ ಆಮ್ಲ ಎಂಬ ಬಿ ವಿಟಮಿನ್ನಿನ ಕೊರತೆ ಇರಬಹುದು. ಆದರೆ ಕಿವಿರು ಹುಳುವೂ ಹೀಗೇ ಲೋಳೆ ತರಿಸುತ್ತದೆ, ಅದೇ ಹೆಚ್ಚು ಸಾಮಾನ್ಯ ಕೂಡ. ಸೂಕ್ಷ್ಮದರ್ಶಕದಲ್ಲಿ ನೋಡದೆ ವಿಟಮಿನ್ ಕೊಡುತ್ತಾ ಕೂತರೆ ಹುಳು ಮಾತ್ರ ಹೆಚ್ಚುತ್ತದೆ.

## ಸುತ್ತು ಹೊಡೆಯುತ್ತಿವೆ, ಪಕ್ಕಕ್ಕೆ ವಾಲುತ್ತಿವೆ

ಇಲ್ಲಿ ತಡ ಮಾಡಬೇಡಿ. ನರಗಳಿಗೆ ತಗಲುವ ವೈರಸ್, ಮೆದುಳಿಗೆ ಹೋದ ಬ್ಯಾಕ್ಟೀರಿಯಾ, ಟ್ರೌಟ್ ಮರಿಗಳಲ್ಲಿ ಮೃದು ಮೂಳೆ ತಿನ್ನುವ ಪರಾವಲಂಬಿ, ಕೀಟನಾಶಕ ಎಲ್ಲವೂ ಹೀಗೇ ಕಾಣುತ್ತವೆ. ಆ ತೊಟ್ಟಿಯ ಬಲೆ, ಬಕೆಟ್ಟನ್ನು ಬೇರೆ ತೊಟ್ಟಿಗೆ ಒಯ್ಯಬೇಡಿ. ಅಂದೇ ಮೀನು ರೋಗ ತಜ್ಞರನ್ನು ಕೇಳಿ.

ಆಹಾರದ ಕಡೆಯಿಂದ ಒಂದೇ ಒಂದು ಪ್ರಶ್ನೆ: ಹಸಿ ಮೀನು ಅಥವಾ ಹಸಿ ಚಿಪ್ಪಿನ ಮಾಂಸ ಅರೆದು ತಿನ್ನಿಸುತ್ತಿದ್ದೀರಾ? ಗೆಂಡೆ ಮೀನೂ ಸೇರಿದಂತೆ ಹಲವು ಮೀನು, ಚಿಪ್ಪುಜೀವಿಗಳ ಹಸಿ ಮಾಂಸದಲ್ಲಿ ಥಯಾಮಿನೇಸ್ ಎಂಬ ಕಿಣ್ವ ಇದೆ. ಅದು ವಿಟಮಿನ್ ಬಿ1 ಅನ್ನು ಒಡೆದುಹಾಕುತ್ತದೆ. ಬಿ1 ಇಲ್ಲದೆ ಮರಿಗಳು ಸಮತೋಲ ತಪ್ಪಿ ಒದ್ದಾಡುತ್ತವೆ. ಮಾಂಸವನ್ನು ಬೇಯಿಸಿದರೆ ಕಿಣ್ವ ಸಾಯುತ್ತದೆ. ಹಸಿ ಮಾಂಸಕ್ಕೇ ಬಿ1 ಪುಡಿ ಬೆರೆಸಿ ಇಟ್ಟರೆ ಅದನ್ನೂ ಒಡೆಯುತ್ತದೆ.

## ಕಣ್ಣು ಬಿಳಿಯಾಗಿದೆ

ಒಂದು ಕಣ್ಣಿಗೆ ಮಾತ್ರ ಇದ್ದರೆ ಪೆಟ್ಟು, ಬಲೆಯ ಉಜ್ಜಾಟ. ಎರಡೂ ಕಣ್ಣಿಗೆ, ಬಹಳ ಮರಿಗಳಲ್ಲಿ ಪೊರೆ ಬಂದಿದ್ದರೆ ಸತು, ಮೆಥಿಯೊನಿನ್ ಅಥವಾ ಬಿ2 ಕೊರತೆ ಇರಬಹುದು. ಕಣ್ಣಿನ ಹುಳುವೂ ಇರಬಹುದು. ಆಹಾರದಲ್ಲಿ ಫೈಟೇಟ್ ಜಾಸ್ತಿ ಇದ್ದರೆ ಸತು ಇದ್ದೂ ಮೀನಿಗೆ ದಕ್ಕುವುದಿಲ್ಲ. ಕಣ್ಣಿನಲ್ಲೋ ರೆಕ್ಕೆಯಲ್ಲೋ ಸಣ್ಣ ಗಾಳಿಗುಳ್ಳೆ ಕಂಡರೆ ಅದು ನೀರಿನಲ್ಲಿ ಅನಿಲ ಅತಿಯಾದದ್ದು. ಪಂಪಿನ ಪೈಪು ಎಲ್ಲಾದರೂ ಗಾಳಿ ಎಳೆಯುತ್ತಿದೆಯೇ ನೋಡಿ.

## ಸಪ್ಲಿಮೆಂಟ್ ಶುರು ಮಾಡಿದ ಮೇಲೆಯೇ ಹದಗೆಟ್ಟಿತು

ಕೂಡಲೇ ನಿಲ್ಲಿಸಿ. ನಿಲ್ಲಿಸಿದರೆ ಏನೋ ಆಗಿಬಿಡುತ್ತದೆ ಎಂಬ ಭಯ ಬೇಡ. ಕೊರತೆ ಬರಲು ವಾರಗಳು ಬೇಕು, ವಿಷ ಏರಲು ಅಷ್ಟು ಬೇಡ.

ಆಮೇಲೆ ಲೆಕ್ಕ ನೋಡಿ. ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ಲೇಬಲ್ಲಿನಲ್ಲಿ ಕೆಜಿಗೆ 5 ಗ್ರಾಂ ಎಂದಿದೆ ಅಂದುಕೊಳ್ಳಿ. ಕೆಜಿ ಆಹಾರಕ್ಕೋ, ಕೆಜಿ ಮೀನಿಗೋ? ಒಂದು ಲಕ್ಷ ಮರಿ, ಒಂದೊಂದು ಅರ್ಧ ಗ್ರಾಂ, ಒಟ್ಟು 50 ಕೆಜಿ ಮೀನು. ದಿನಕ್ಕೆ ಮೈತೂಕದ 6% ಆಹಾರ ಎಂದರೆ 3 ಕೆಜಿ. ಆಹಾರದ ಲೆಕ್ಕದಲ್ಲಿ ಬೇಕಾದ ಪುಡಿ 15 ಗ್ರಾಂ. ಮೀನಿನ ಲೆಕ್ಕ ಎಂದು ತಪ್ಪು ತಿಳಿದರೆ 250 ಗ್ರಾಂ ಹೋಗುತ್ತದೆ. ಸುಮಾರು 17 ಪಟ್ಟು.

ಇನ್ನೊಂದು ತಪ್ಪು ಇದಕ್ಕಿಂತ ಮೌನವಾದದ್ದು. ಕಾರ್ಖಾನೆಯ ಆಹಾರದಲ್ಲಿ ಪ್ರಿಮಿಕ್ಸ್ ಆಗಲೇ ಇರುತ್ತದೆ. ಅದರ ಮೇಲೆ ಮಿನರಲ್ ಮಿಕ್ಸ್, ಅದರ ಮೇಲೆ ಮಲ್ಟಿವಿಟಮಿನ್, ಅದರ ಮೇಲೆ ಇಮ್ಯೂನಿಟಿ ಬೂಸ್ಟರ್. ಮೂರು ಡಬ್ಬಿಯಲ್ಲೂ ಸೆಲೆನಿಯಂ ಇದ್ದರೆ? ಮೀನಿಗೆ ಬೇಕಾದ ಸೆಲೆನಿಯಂ ಕೆಜಿ ಆಹಾರಕ್ಕೆ ಅರ್ಧ ಮಿಲಿಗ್ರಾಂಗೂ ಕಡಿಮೆ. ಟ್ರೌಟ್, ಕ್ಯಾಟ್‌ಫಿಶ್ ಮರಿಗಳಲ್ಲಿ 13–15 ಮಿಲಿಗ್ರಾಂ ವಿಷವಾಗಿದೆ. ನೀರಿನಲ್ಲಿ ಕರಗುವ ವಿಟಮಿನ್ ಜಾಸ್ತಿಯಾದರೆ ಹೊರಗೆ ಹೋಗುತ್ತದೆ. ಎ, ಡಿ ವಿಟಮಿನ್‌ಗಳು, ಸೆಲೆನಿಯಂ, ತಾಮ್ರ ಹಾಗಲ್ಲ, ಮೈಯಲ್ಲೇ ಕೂಡುತ್ತವೆ. ಎಲ್ಲ ಲೇಬಲ್ಲುಗಳನ್ನು ಒಂದೇ ಹಾಳೆಯಲ್ಲಿ ಬರೆದು ಕೂಡಿಸಿ. ನನ್ನ ಮಟ್ಟಿಗೆ ಇಡೀ ಕೈಪಿಡಿಯಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ.

ಲೇಬಲ್ಲಿನಲ್ಲಿ ಅಂಶಗಳೇ ಬರೆಯದ, ರೋಗ ನಿವಾರಕ ಎಂದು ಹೇಳಿಕೊಳ್ಳುವ ಪುಡಿ ಕೊಳ್ಳಬೇಡಿ. ಅದರಲ್ಲಿ ಆಂಟಿಬಯಾಟಿಕ್ ಇರಬಹುದು. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್‌ ಎಂಬ ಆಂಟಿಬಯಾಟಿಕ್‌ಗಳನ್ನು ಜನ ತಿನ್ನುವ ಮೀನಿಗೆ ಕೊಡುವುದು ಹಲವು ದೇಶಗಳಲ್ಲಿ ನಿಷೇಧ. ನಾಳೆ ಈ ಮರಿಯನ್ನೇ ಯಾರೋ ಮಗುವಿಗೆ ಉಣಿಸುತ್ತಾರೆ.

## ಪ್ರೋಬಯಾಟಿಕ್ ಕೊಟ್ಟರೂ ಏನೂ ಬದಲಾಗಲಿಲ್ಲ

ಅದು ಜೀವಂತ ಇತ್ತೇ? ಲ್ಯಾಕ್ಟೊಬ್ಯಾಸಿಲಸ್, ಯೀಸ್ಟ್ ಬಿಸಿನೀರಿನಲ್ಲಿ ಸಾಯುತ್ತವೆ, ಕ್ಲೋರಿನ್ ಇರುವ ನಲ್ಲಿ ನೀರಿನಲ್ಲೂ ಸಾಯುತ್ತವೆ. ಬ್ಯಾಸಿಲಸ್ ಬೀಜಕಣ ರೂಪದಲ್ಲಿರುವುದರಿಂದ ಬಿಸಿ ತಾಳುತ್ತದೆ. ಆಂಟಿಬಯಾಟಿಕ್ ಜೊತೆ ಕೊಟ್ಟರೆ ಪ್ರೋಬಯಾಟಿಕ್ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳಬಹುದು. ಬೀಟಾ ಗ್ಲುಕಾನ್‌ನಂಥ ರೋಗನಿರೋಧಕ ಉತ್ತೇಜಕಗಳನ್ನು ತಿಂಗಳುಗಟ್ಟಲೆ ಬಿಡದೆ ಕೊಡುವುದೂ ಸರಿಯಲ್ಲ. ಪ್ರಮಾಣ, ಅವಧಿ ಹೆಚ್ಚಾದಾಗ ಅದರ ಪರಿಣಾಮ ಕುಗ್ಗುತ್ತದೆ. ಸಾಗಾಟ, ಬೇರೆ ತೊಟ್ಟಿಗೆ ಬಿಡುವುದು, ಇಂಥ ಒತ್ತಡದ ದಿನಗಳ ಹಿಂದೆಮುಂದೆ ಕೊಟ್ಟು ನಿಲ್ಲಿಸುವುದು ಮೇಲು.

ಯಾವುದೇ ಸಪ್ಲಿಮೆಂಟ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಒಂದೇ ದಾರಿ. ಒಂದು ತೊಟ್ಟಿಗೆ ಕೊಡಿ, ಇನ್ನೊಂದಕ್ಕೆ ಕೊಡಬೇಡಿ. ಅದೇ ತಂಡದ ಮರಿ, ಅದೇ ನೀರು, ಅದೇ ಆಹಾರ. ಎರಡೂ ಕಡೆಯಿಂದ 50 ಮರಿ ತೂಗಿ, ಮೂರು ವಾರ ಬಿಟ್ಟು ಮತ್ತೆ ತೂಗಿ. ಒಂದು ಸಲಕ್ಕೆ ಒಂದೇ ಬದಲಾವಣೆ.

## ಇಲ್ಲಿಗೆ ನಿಲ್ಲಿಸಿ, ತಜ್ಞರನ್ನು ಕರೆಯಿರಿ

ನೀರು ಸರಿ ಮಾಡಿದ ಮೇಲೂ ಎರಡು ದಿನ ಸಾವು ಏರುತ್ತಲೇ ಇದ್ದರೆ, ಮರಿಗಳು ಸುತ್ತು ಹೊಡೆಯುತ್ತಿದ್ದರೆ, ಹೊಟ್ಟೆ ಊದಿ ಹುರುಪೆ ನಿಮಿರಿದ್ದರೆ, ಮೈಮೇಲೆ ಹುಣ್ಣಿದ್ದರೆ ಮನೆಯ ಪರೀಕ್ಷೆ ಸಾಕು. ಮರಿಗಳನ್ನು ಮಾರಬೇಡಿ, ಬೇರೆಡೆ ಸಾಗಿಸಬೇಡಿ, ಆ ನೀರನ್ನು ಹೊಳೆಗೆ ಬಿಡಬೇಡಿ.

ಕೈಯಲ್ಲಿ ಗಾಯ ಇದ್ದರೆ ಗವಸು ಇಲ್ಲದೆ ಸತ್ತ ಮೀನು ಮುಟ್ಟಬೇಡಿ. ಮೀನಿನಿಂದ ಮನುಷ್ಯರ ಚರ್ಮಕ್ಕೆ ದಾಟುವ ಮೈಕೊಬ್ಯಾಕ್ಟೀರಿಯಾ ಇದೆ. ವಾರಗಳಾದರೂ ಮಾಯದ ಗಂಟು ಬೆರಳಲ್ಲಿ ಎದ್ದರೆ ವೈದ್ಯರಿಗೆ ತೋರಿಸಿ, ಮೀನು ಸಾಕುತ್ತೇನೆ ಎಂದು ಮರೆಯದೆ ಹೇಳಿ.

ಲ್ಯಾಬಿಗೆ ಸತ್ತು ಕೊಳೆತ ಮರಿ ಒಯ್ದರೆ ಏನೂ ಗೊತ್ತಾಗುವುದಿಲ್ಲ. ಕಾಯಿಲೆಯ ಲಕ್ಷಣ ಇರುವ, ಇನ್ನೂ ಜೀವ ಇರುವ ಮರಿಗಳನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಒಯ್ಯಿರಿ. ಅದೇ ತೊಟ್ಟಿಯ ನೀರನ್ನು ಬೇರೆ ಬಾಟಲಿಯಲ್ಲಿ ತುಂಬಿ. ತಿನ್ನಿಸುತ್ತಿದ್ದ ಆಹಾರವನ್ನು ಅರ್ಧ ಕೆಜಿ, ಗಾಳಿಯಾಡದ ಚೀಲದಲ್ಲಿ ತಣ್ಣಗೆ ಇಡಿ. ಸಪ್ಲಿಮೆಂಟ್ ಡಬ್ಬಿಗಳ ಲೇಬಲ್ಲಿನ ಫೋಟೊ, ದಿನದಿನದ ಸಾವಿನ ಲೆಕ್ಕ ಬರೆದ ಆ ಪುಸ್ತಕ, ಎರಡೂ ಜೊತೆಯಲ್ಲಿರಲಿ. ಏನೇನು ಸುರಿದಿದ್ದೀರಿ ಎನ್ನುವುದನ್ನು ಮುಚ್ಚಿಡದೆ ಹೇಳಿ. ತಜ್ಞರು ಮೊದಲು ಕೇಳುವುದೂ ಅದನ್ನೇ.